ಎದುರುಗಾಳಿಯ ನೆಪ

ಶಾಂತಾ, ಸುರಪುರದ ಕಾಲುವೆ ದಾರಿಯಲ್ಲಿ ನೀನು ಬೀಳಬಹುದಾದ ಜಾಗ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡೇ ಇದ್ದೆ.

ನನ್ನ ಗಂಡ ನಾರಾಯಣಪುರದಲ್ಲಿ ಕಾಲುವೆಗೆ ನೀರು ಬಿಡುವ ಕೆಲಸದವರು. ಎಲ್ಲಿಗೆ ಯಾವಾಗ ನೀರಿನ ಪಾಳಿ ಎಂಬುದು ಊಟಕ್ಕೆ ಕೂತಾಗಲೇ ನನ್ನ ಕಿವಿಗೆ ಬೀಳುತ್ತದೆ. ಪಾಳಿ ಬಂತೆಂದರೆ ಹೊಲದವರು ಮೊರಂ ಮಣ್ಣಿನ ದಾರಿಯನ್ನು ಅಡ್ಡಕ್ಕೆ ಅಗೆದು, ಪೈಪು ಹೂತು, ಮೇಲೆ ಸಡಿಲ ಮಣ್ಣು ಎಳೆಯುತ್ತಾರೆ. ನೋಡಲು ಸಪಾಟು; ಗಾಲಿ ಇಟ್ಟರೆ ಕುಸಿತ. ಸುರಪುರದ ದಾರಿಯಲ್ಲಿ ಕಾಲುವೆಯ ಸೇತುವೆ ದಾಟಿದ ಕೂಡಲೇ ಹಾಗೆ ಅಗೆದಿದ್ದಾರೆಂದು ನಮ್ಮ ಸೈಕಲ್ ರೇಸಿನ ಹಿಂದಿನ ದಿನ ನನ್ನ ಗಂಡ ಹೇಳಿದ್ದರು.

ರೇಸಿನ ದಿನ ಬೆಳಿಗ್ಗೆ, ಶಹಾಪುರದಲ್ಲಿ ಹೊರಡುವ ಮುನ್ನ ನೀನು ಕೇಳಿದೆ — "ಅಕ್ಕಾ, ಗಾಳಿ ಎದುರ ಬೀಸಾಕತ್ತೈತಿ. ಏರೋ ಬಾರ್ ಹಾಕ್ಲೇನ್ರಿ? ದಾರಿ ಹೆಂಗೈತಿ?"

"ಹಾಕ್ಕೋ. ದಾರಿ ಚಲೋ ಐತಿ."

ಅಷ್ಟೇ. ಹ್ಯಾಂಡಲಿಗೆ ಜೋಡಿಸುವ ಆ ಬಾರಿನ ಮೇಲೆ ಮೊಣಕೈ ಊರಿ ಬಾಗಿದರೆ ಗಾಳಿಯ ತಡೆ ಕಡಿಮೆಯಾಗುತ್ತದೆ, ನಿಜ — ಆದರೆ ಕೈ ಬ್ರೇಕಿನಿಂದ ದೂರ ಉಳಿಯುತ್ತದೆ. ಅದಕ್ಕೇ ನಾನು ನನ್ನದನ್ನು ಬಿಚ್ಚಿ, ಅಗಲದ ಟೈರು ಹಾಕಿ, ಗಾಳಿ ಸ್ವಲ್ಪ ಇಳಿಸಿದ್ದೆ. "ನೀವ್ಯಾಕ ತಗದ್ರಿ?" ಎಂದು ನೀನು ಕೇಳಿದೆ. ಬೆನ್ನುನೋವು ಎಂದೆ ನಾನು. ನನಗೆ ಯಾವ ಬೆನ್ನುನೋವೂ ಇರಲಿಲ್ಲ.

ಗೆದ್ದ ಒಬ್ಬಳಿಗೆ ಮಾತ್ರ ರಾಜ್ಯ ತಂಡದ ತರಬೇತಿ. ವಯಸ್ಸಿನ ಲೆಕ್ಕದಲ್ಲಿ ನನಗದು ಕೊನೆಯ ಅವಕಾಶ. ನೀನೋ ಬಳಿಚಕ್ರ ಎಂಬ ಹಳ್ಳಿಯಿಂದ ಬಂದು ಒಂದೇ ಹಂಗಾಮಿನಲ್ಲಿ ನನ್ನನ್ನು ಹಿಂದೆ ಹಾಕಿದ್ದೆ. ಹೊಟ್ಟೆಕಿಚ್ಚು — ಬೇರೆ ಹೆಸರು ಹುಡುಕಿದೆ, ಸಿಗಲಿಲ್ಲ. ನೀನು ಬೀಳಲಿ ಎಂದುಕೊಂಡೆನೋ, ಬರೀ ತಡವಾಗಲಿ ಎಂದುಕೊಂಡೆನೋ... ಯಾವುದಾದರೇನು, ಬಾಯಿ ಬಿಡಲಿಲ್ಲವಲ್ಲ.

ಸೇತುವೆ ಬಂದಾಗ ನಾನು ವೇಗ ಇಳಿಸಿದೆ. ಮುಂದೆ ನೀನು ತಲೆ ತಗ್ಗಿಸಿ ಹೋಗುತ್ತಿದ್ದೆ. ನಿನ್ನ ಮುಂದಿನ ಗಾಲಿ ಸಡಿಲ ಮಣ್ಣಿನಲ್ಲಿ ಹೂತುಹೋಗಿ ನೀನು ಬಿದ್ದೆ. ನಾನು ಹತ್ತಿರ ಬಂದಾಗ ನೀನು ಮೊಣಕೈ ಹಿಡಿದುಕೊಂಡು ಕೂತಿದ್ದೆ. ನನ್ನನ್ನು ನೋಡಿ ಅಂದೆ — "ನಿಲ್ಲಬ್ಯಾಡ್ರಿ ಅಕ್ಕಾ, ನೀವರ ಗೆಲ್ರಿ."

ನಾನು ನಿಲ್ಲಲಿಲ್ಲ, ಗೆದ್ದೆ. ತರಬೇತಿಗೂ ಹೋಗಿ ಬಂದೆ. ಅಲ್ಲಿ ಹೇಳಿಕೊಳ್ಳುವಂಥದ್ದೇನೂ ಮಾಡಲಿಲ್ಲ. ನಿನ್ನ ಮೊಣಕೈ ಮಾತ್ರ ಇವತ್ತಿಗೂ ಪೂರ್ತಿ ನೆಟ್ಟಗಾಗುವುದಿಲ್ಲ.

ಈಗ ನೀನು ಶಾಲೆಯಲ್ಲಿ ಹುಡುಗಿಯರಿಗೆ ಸೈಕಲ್ ಕಲಿಸುತ್ತೀಯ. ಮೊನ್ನೆ ಫೋನಿನಲ್ಲಿ ನಗುತ್ತಾ, "ದಾರಿ ನೋಡದ ಬಾಗಿದ್ದು ನಂದ ತಪ್ಪು ಅಂತ ಅವರಿಗೆ ಹೇಳ್ತೀನ್ರಿ" ಎಂದೆ. ಯಾವ ದಾರಿಗೆ ಯಾವ ಟೈರು, ಯಾವ ಬಾರು ಎಂದು ಹೇಳಿಕೊಡಲು ಭಾನುವಾರ ನನ್ನನ್ನೇ ಕರೆದಿದ್ದೀಯ.

ಬರುತ್ತೇನೆ. ಟೈರಿನ ಮಾತಿಗೆ ಮೊದಲು, ಆ ಮಕ್ಕಳ ಎದುರಿಗೇ ಇದನ್ನು ಹೇಳುತ್ತೇನೆ. ಆಮೇಲೆ ನೀನು ನನ್ನನ್ನು ಅಕ್ಕಾ ಎನ್ನದಿದ್ದರೆ, ಅದು ನ್ಯಾಯವೇ.