ಅಕ್ಕನ ಬಾಯಲ್ಲಿ ಖಳನಾಯಕ

ಈಗಿನ ಸೂಪರ್‌ಹೀರೋ ಸಿನಿಮಾಗಳನ್ನು ನೋಡಿದರೆ ನನಗೆ ರೇಗುತ್ತದೆ. ಖಳನಾಯಕರು ಆಕಾಶವನ್ನೇ ಸೀಳುತ್ತಾರೆ, ಮನಸ್ಸಿಗೆ ಮಾತ್ರ ಒಬ್ಬನೂ ನಾಟುವುದಿಲ್ಲ. ನನ್ನ ಪಾಲಿಗೆ ಖಳನಾಯಕ ಎಂದರೆ ಒಬ್ಬನೇ. ಜವನಗೊಂಡನಹಳ್ಳಿಯ ನಮ್ಮ ಮನೆಯಲ್ಲಿ, ಬಾಡಿಗೆ ಸಿಡಿ ಹಾಕಿಕೊಂಡು ನೋಡಿದ ಹಳೆಯ ಸಿನಿಮಾದವನು. ಅವನ ಒಂದು ಕೈ ಕಬ್ಬಿಣದ್ದು.

ಸಿನಿಮಾ ಇಂಗ್ಲಿಷಿನದು. ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದವಳು ಅಕ್ಕ ಒಬ್ಬಳೇ. ಹಿರಿಯೂರಿನಲ್ಲಿ ಪಿಯುಸಿ ಮುಗಿಸಿದ್ದಳು. ಟಿವಿ ಪಕ್ಕ ಕುಳಿತು, ಕಂಬಳಿಗೆ ಉಣ್ಣೆ ನೂಲುತ್ತಲೇ, ಎಲ್ಲರ ಮಾತನ್ನೂ ಅವಳು ಕನ್ನಡದಲ್ಲಿ ಹೇಳಬೇಕಿತ್ತು.

ಕೊನೆಗೆ ಖಳನಾಯಕ ಕಟ್ಟಡದ ತುದಿಯಲ್ಲಿ ಒಬ್ಬನೇ ನಿಂತು ಏನೋ ಕಿರುಚಿದ. ಅಕ್ಕ ನೂಲುವುದನ್ನು ನಿಲ್ಲಿಸಿ ಹೇಳಿದಳು: “ನನ್ನ ವಿಷ್ಯ ಎಲ್ಲಾರೂ ಕುಂತು ಮಾತಾಡಿದ್ರಿ. ನಿಂಗೇನು ಬೇಕು ಅಂತ ಒಬ್ರಾದ್ರೂ ಕೇಳಿದ್ರಾ?”

“ಅವನ್ನೇನು ಕೇಳೋದು, ಬಿದ್ದು ಸಾಯ್ಲಿ ಬಿಡು,” ಎಂದ ಅಪ್ಪ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವನು ಬಿದ್ದಾಗ ಮಾತ್ರ ಅಯ್ಯೋ ಪಾಪ ಅನ್ನಿಸಿತು.

ಅದೇ ತಿಂಗಳು ಅಕ್ಕನನ್ನು ಹೊಸದುರ್ಗದ ಸೋದರಮಾವನಿಗೆ ಕೊಟ್ಟು ಮದುವೆ ಮಾಡಿದರು. ಸೋದರಮಾವ ಇದ್ದಮೇಲೆ ಹುಡುಗಿಯನ್ನು ಕೇಳುವ ಪದ್ಧತಿಯೇ ನಮ್ಮಲ್ಲಿರಲಿಲ್ಲ. ಹೆಣ್ಣು ಹೊರಗೆ ಹೋಗಲಿಲ್ಲವಲ್ಲ ಎಂದು ಅಮ್ಮನಿಗೂ ಸಮಾಧಾನ.

ನಾನೀಗ ಚಿತ್ರದುರ್ಗದ ಶಾಲೆಯೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೇನೆ. ಭಾನುವಾರ ಬಂತೆಂದರೆ ತರಕಾರಿಯವನನ್ನು ಬಿಟ್ಟರೆ ಮಾತಾಡಲು ಯಾರೂ ಸಿಗುವುದಿಲ್ಲ. ಹೋದ ಭಾನುವಾರ ಮಧ್ಯಾಹ್ನ ಬೇಜಾರು ತಡೆಯಲಾಗದೆ ಆ ಸಿನಿಮಾವನ್ನು ಮೊಬೈಲಿನಲ್ಲಿ ಹುಡುಕಿ ಹಾಕಿದೆ. ಅದೇ ದೃಶ್ಯ ಬಂತು. ಕಬ್ಬಿಣದ ಕೈಯವನು ಕಿರುಚಿದ್ದು ಇಷ್ಟೇ: ಹತ್ತು ನಿಮಿಷದಲ್ಲಿ ಈ ಊರು ಬೂದಿಯಾಗುತ್ತದೆ. ಮೂರು ಸಲ ಹಿಂದಕ್ಕೆ ಓಡಿಸಿ ಕೇಳಿದೆ. ಬೇರೆ ಒಂದಕ್ಷರವೂ ಇಲ್ಲ.

ಆ ಮಾತು ಅವನದಲ್ಲ, ಅಕ್ಕನದು. ಅಪ್ಪ ಅಮ್ಮನ ಎದುರಿಗೇ ಕೇಳಿದ್ದಳು, ನಾವು ನಕ್ಕಿದ್ದೆವು. ಇಷ್ಟು ವರ್ಷ ಯಾವನೋ ಖಳನಾಯಕನಿಗೆ ಮರುಗಿದ ನನ್ನ ಮೇಲೆ ನನಗೇ ಸಿಟ್ಟು ಬಂತು, ನಾಚಿಕೆಯೂ ಆಯಿತು.

ಅಕ್ಕನಿಗೆ ಫೋನ್ ಮಾಡಿದೆ. ಸಿನಿಮಾದ ಮಾತೆತ್ತಿದರೆ, “ಯಾವ್ದೇ ಅದು? ನೆನಪಿಲ್ಲ,” ಎಂದಳು.

“ಅದಿರ್ಲಿ ಅಕ್ಕಾ. ಆವಾಗ ನಿಂಗೇನು ಬೇಕಿತ್ತು?”

ಅತ್ತ ಬಾಗಿಲು ಮುಚ್ಚಿದ ಸದ್ದು ಕೇಳಿತು.

“ಡಿಗ್ರಿ ಓದಿ ಇಂಗ್ಲಿಷ್ ಟೀಚರ್ ಆಗ್ಬೇಕು ಅಂತಿತ್ತು ಕಣೇ,” ಎಂದಳು. “ನೀನಾದ್ಯಲ್ಲ, ಬಿಡು.”