ಯಾರೂ ನಡೆಯಗೊಡದ ರಸ್ತೆ

ನಮ್ಮ ಕಡೆ ಒಬ್ಬ ಮನುಷ್ಯ ರಸ್ತೆಯಲ್ಲಿ ನಡೆದುಕೊಂಡು ಹೋಗುತ್ತಿದ್ದಾನೆಂದರೆ ಅವನಿಗೇನೋ ತೊಂದರೆಯಾಗಿದೆ ಎಂದೇ ಲೆಕ್ಕ. ಗಾಡಿ ಕೆಟ್ಟಿರಬೇಕು, ಇಲ್ಲವೇ ಬಸ್ಸು ತಪ್ಪಿರಬೇಕು. ಎಲ್ಲಿಗೂ ಹೋಗುವುದಿಲ್ಲದೆ ಸುಮ್ಮನೆ ಕೈಬೀಸಿಕೊಂಡು ಬಿರಬಿರನೆ ನಡೆಯುವವನನ್ನು ಕಂಡರೆ ಯಾರಿಗೂ ಸಮಾಧಾನವಿಲ್ಲ. ಮುಂಡರಗಿಯಿಂದ ಕೊರ್ಲಹಳ್ಳಿಗೆ ಹೋಗುವ ರಸ್ತೆಯಲ್ಲಿ ನಡೆಯಲು ಶುರುಮಾಡಿದ ಮೊದಲ ವಾರವೇ ಇದು ನನಗೆ ಮನವರಿಕೆಯಾಯಿತು. ಬೈಕಿನವರು ನಿಲ್ಲಿಸುತ್ತಿದ್ದರು, ಟಂಟಂ ರಿಕ್ಷಾದವರು ನಿಲ್ಲಿಸುತ್ತಿದ್ದರು. ಎಲ್ಲಕ್ಕಿಂತ ಹೆಚ್ಚು ಕಾಟ ಬಸ್ಸುಗಳದ್ದು. ನಾನು ನಿವೃತ್ತ ಬಸ್ ಡ್ರೈವರ್. ಈಗ ಆ ರಸ್ತೆಯ ಮೇಲೆ ಬಸ್ಸು ಓಡಿಸುವ ಹುಡುಗರಲ್ಲಿ ಬಹಳಷ್ಟು ಜನ ನನ್ನ ಕಣ್ಣೆದುರು ಕೆಲಸ ಕಲಿತವರು.

ಡ್ರೈವರನಾದವನು ಸ್ಟೇರಿಂಗ್ ಹಿಡಿಯುವುದರ ಜೊತೆಗೆ ಮೂತ್ರ ಹಿಡಿಯುವುದನ್ನೂ ಕಲಿಯುತ್ತಾನೆ. ಹಾಗಾಗಿ ನಿವೃತ್ತಿಯ ನಂತರ ಮೂತ್ರದ ತೊಂದರೆ ಶುರುವಾದಾಗ, ಇದು ನೌಕರಿ ಕೊಟ್ಟ ಬಹುಮಾನ ಎಂದುಕೊಂಡು ತೆಪ್ಪಗಿದ್ದೆ. ಸೊಂಟದ ನೋವಿಗೂ ಡ್ರೈವರ್ ಸೀಟನ್ನೇ ಬಯ್ದೆ. ಕೊನೆಗೆ ಹುಬ್ಬಳ್ಳಿಯ ವೈದ್ಯರು ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಎಂದರು. ಅದು ಸೊಂಟದ ಎಲುಬಿಗೂ ಬೆನ್ನಿಗೂ ಹೋಗಿದೆ, ಪೂರ್ತಿ ಗುಣವಾಗುವುದಿಲ್ಲ, ಆದರೆ ಹತೋಟಿಯಲ್ಲಿ ಇಡಬಹುದು ಎಂದರು. ಗಂಡಸಿನ ಹಾರ್ಮೋನನ್ನೇ ಬತ್ತಿಸುವ ಇಂಜೆಕ್ಷನ್ ಶುರುವಾಯಿತು. ಕುಳಿತಲ್ಲೇ ಮೈಯೆಲ್ಲ ಕಾದು ಬೆವರು ಹರಿಯುತ್ತಿತ್ತು. ಹೊಟ್ಟೆ ಬಂತು, ತೊಡೆ ಸೊರಗಿತು. ಮನೆಯ ಮೆಟ್ಟಿಲು ಹತ್ತಿದರೆ ಕಟ್ಟೆಯ ಮೇಲೆ ಕುಳಿತು ಸುಧಾರಿಸಿಕೊಳ್ಳಬೇಕಾಗುತ್ತಿತ್ತು.

ದಿನಾ ನಡೆಯಿರಿ ಎಂದು ವೈದ್ಯರು ಹೇಳಿದರು. ಉಸಿರು ಜೋರಾಗುವಂತೆ ನಡೆಯಬೇಕು. ನಡೆಯುತ್ತ ಮಾತಾಡಲು ಬರಬೇಕು, ಹಾಡಲು ಬರಬಾರದು. ಈ ಇಂಜೆಕ್ಷನ್ ತಾಳಿಕೊಳ್ಳಲು ಮೈಯಲ್ಲಿ ಕಸುವಿರಬೇಕು, ಕೂತರೆ ಇದ್ದದ್ದೂ ಹೋಗುತ್ತದೆ ಎಂದರು. ನನ್ನ ಎಲುಬಿನ ಫೋಟೋಗಳನ್ನು ಮತ್ತೊಮ್ಮೆ ನೋಡಿ, ಸಪಾಟಾದ ರಸ್ತೆಯಲ್ಲೇ ನಡೆಯಬೇಕು, ಭಾರ ಎತ್ತಬಾರದು, ಮುಖ್ಯವಾಗಿ ಬೀಳಬಾರದು ಎಂದು ಎಚ್ಚರಿಸಿದರು. ಕಾಲಿನ ಶಕ್ತಿ ಹೋಯಿತು ಅನ್ನಿಸಿದರೆ ಅವತ್ತೇ ಬರಬೇಕು. ನನ್ನ ಹೆಂಡತಿ ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಕೇಳಿಸಿಕೊಂಡಳು.

ಈ ವಿಷಯ ನಮ್ಮಿಬ್ಬರಿಗೆ ಬಿಟ್ಟು ಮೂರನೆಯವರಿಗೆ ಗೊತ್ತಾಗಬಾರದು ಎಂದು ನಾನು ಅವಳಿಂದ ಮಾತು ತೆಗೆದುಕೊಂಡೆ. ನಮ್ಮಲ್ಲಿ ಹೃದಯದ ಕಾಯಿಲೆಯನ್ನು ಕಟ್ಟೆಯ ಮೇಲೆ ಕುಳಿತು ಹೇಳಬಹುದು. ಸಕ್ಕರೆ ಕಾಯಿಲೆಯನ್ನಂತೂ ಹೊಸ ಅಳಿಯ ಸಿಕ್ಕಷ್ಟು ಹೆಮ್ಮೆಯಿಂದ ಹೇಳುತ್ತಾರೆ. ಸೊಂಟದ ಕೆಳಗಿನದನ್ನು ಹೇಳುವ ಹಾಗಿಲ್ಲ. ಡಿಪೋದಲ್ಲಿ ಗಂಡಸರು ಸೇರಿದಾಗ ಎಂಥ ನಗೆ ನಗುತ್ತಾರೆಂದು ನನಗೆ ಗೊತ್ತು. ಆ ನಗೆಗೆ ನಾನು ಕ್ಯಾನ್ಸರಿಗಿಂತ ಹೆಚ್ಚು ಹೆದರಿದ್ದೆ. ಹೆಂಡತಿ ತಾನೂ ಜೊತೆಗೆ ನಡೆಯುತ್ತೇನೆಂದಳು. ಈ ವಯಸ್ಸಿನಲ್ಲಿ ಗಂಡ ಹೆಂಡತಿ ಜೋಡಿಯಾಗಿ ಹೊರಟರೆ ಊರಿಗೆ ಡಂಗುರ ಹೊಡೆದಂತೆ ಎಂದು ಅವಳನ್ನು ಮನೆಯಲ್ಲೇ ಕೂರಿಸಿದೆ.

ಹೀಗೆ ಒಬ್ಬನೇ ಹೊರಟವನ ಪಕ್ಕದಲ್ಲಿ ಬಸ್ಸು ಬಂದು ನಿಲ್ಲುತ್ತಿತ್ತು. ಹತ್ರಿ ಕಾಕಾ, ಬಿಸಲಾಗ ಎಲ್ಲಿಗೆ ಹೊಂಟೀರಿ ಎಂದು ಡ್ರೈವರ್ ಕೇಳುತ್ತಿದ್ದ. ಸಕ್ಕರೆ ಕಾಯಿಲೆಗೆ ನಡೆಯುತ್ತಿದ್ದೇನೆಂದು ಸುಳ್ಳು ಹೇಳಿ ನೋಡಿದೆ. ತನಗೂ ಇದೆ, ಹತ್ತಿರಿ, ಸಕ್ಕರೆ ಇಲ್ಲದ ಚಹಾ ಕುಡಿಸುತ್ತೇನೆ ಎಂದ ಪುಣ್ಯಾತ್ಮ. ನಾನು ಹತ್ತುವವರೆಗೆ ಬಸ್ಸು ಕದಲುವುದಿಲ್ಲ. ಕಿಟಕಿಗಳಿಂದ ತಲೆಗಳು ಹೊರಬರುತ್ತವೆ. ಹತ್ತದಿದ್ದರೆ ಅವನಿಗೆ ಅವಮಾನ, ಹತ್ತಿದರೆ ನನಗೆ ನಷ್ಟ. ಹತ್ತುತ್ತಿದ್ದೆ. ನಡೆಯಲು ಹೊರಟವನು ಕೊರ್ಲಹಳ್ಳಿಯವರೆಗೆ ಸೀಟಿನಲ್ಲಿ ಕುಳಿತು, ಹೊಳೆ ನೋಡಿ, ಚಹಾ ಕುಡಿದು, ಇನ್ನೊಂದು ಬಸ್ಸಿಗೆ ಮನೆಗೆ ಬರುತ್ತಿದ್ದೆ.

ಮುಂದಿನ ಸಲ ಹುಬ್ಬಳ್ಳಿಗೆ ಹೋದಾಗ ವೈದ್ಯರು ನನ್ನ ಪಾದವನ್ನು ಅಂಗೈಯಿಂದ ಒತ್ತಿ, ಎದುರು ಒತ್ತಿರಿ ಎಂದರು. ನನ್ನ ಒತ್ತು ಅವರಿಗೆ ಸಾಲಲಿಲ್ಲ. ನಡೆಯುತ್ತಿದ್ದೀರಾ ಎಂದು ಕೇಳಿದ್ದಕ್ಕೆ ಹೌದೆಂದೆ. ಊರಿಗೆ ಮರಳುವಾಗ, ಅಣ್ಣಿಗೇರಿ ದಾಟಿದ ಮೇಲೆ, ಹೆಂಡತಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು:

"ಮಂದಿ ನಕ್ಕಾರು ಅಂತ ಕಾಲು ಕಳಕೊಂಡು ಕುಂಡರ್ತೀರೇನ್ರಿ?"

ನನಗೆ ಸಿಟ್ಟು ಬಂತು. ಆ ಸಿಟ್ಟು ಯಾರ ಮೇಲೆಂದು ಮಾತ್ರ ಗೊತ್ತಾಗಲಿಲ್ಲ.

ಮರುದಿನದಿಂದ ಅಡಗುವ ವಿದ್ಯೆ ಶುರುಮಾಡಿದೆ. ಯಾವ ಬಸ್ಸು ಯಾವ ಹೊತ್ತಿಗೆ ಬರುತ್ತದೆಂದು ನನಗೆ ಬಾಯಿಪಾಠ. ಎಂಜಿನ್ ಸದ್ದು ಕಿವಿಗೆ ಬೀಳುತ್ತಲೇ ರಸ್ತೆಯಿಂದ ಕೆಳಗಿಳಿದು ಜಾಲಿ ಗಿಡದ ಮರೆಗೆ ನಿಲ್ಲುತ್ತಿದ್ದೆ, ಬಸ್ಸು ಹೋದ ಮೇಲೆ ಮತ್ತೆ ನಡೆಯುತ್ತಿದ್ದೆ. ನಿಜ ಹೇಳಬೇಕೆಂದರೆ ಕಾಲಿಗೆ ಕಸುವು ಬರತೊಡಗಿತ್ತು. ರಾತ್ರಿ ನಿದ್ದೆಯೂ ಹತ್ತುತ್ತಿತ್ತು. ಕಳ್ಳನ ಹಾಗೆ ನಡೆದರೂ ನಡೆದಂತೆಯೇ ಎಂದು ನನಗೆ ನಾನೇ ಶಹಬಾಸ್ ಹೇಳಿಕೊಂಡೆ.

ಒಂದು ಬೆಳಿಗ್ಗೆ, ಹಿಂದಿನ ದಿನ ಮಳೆಯಾಗಿತ್ತು, ವೇಳೆಯಲ್ಲದ ವೇಳೆಗೆ ಹಿಂದಿನಿಂದ ಬಸ್ಸು ಬಂತು. ಗಡಿಬಿಡಿಯಲ್ಲಿ ಕೆಳಗೆ ಕಾಲಿಟ್ಟೆ. ಎರೆ ಮಣ್ಣು ಜಾರಿತು. ಸೊಂಟದ ಮೇಲೆ ಬಿದ್ದು ತಗ್ಗಿಗೆ ಉರುಳಿದೆ. ನನ್ನ ತಲೆಯ ಮೇಲಿಂದಲೇ ಹೋದಷ್ಟು ಹತ್ತಿರದಲ್ಲಿ ಬಸ್ಸು ಹೋಯಿತು. ಯಾರೂ ನೋಡಲಿಲ್ಲ. ನಾನು ಬಯಸಿದ್ದೂ ಅದನ್ನೇ ಅಲ್ಲವೇ!

ವೈದ್ಯರು ಫೋಟೋದಲ್ಲಿ ಬೆರಳಿಟ್ಟು ತೋರಿಸಿದ್ದ ಜಾಗದಲ್ಲೇ ನೋವು ಎದ್ದಿತ್ತು. ಮುರಿಯಿತು ಎಂದುಕೊಂಡೆ. ಇನ್ನು ಮಂಚ, ಇನ್ನು ಹೆಂಡತಿಯ ಕೈಯಿಂದಲೇ ಎಲ್ಲ ಎಂದುಕೊಂಡೆ. ಕಾಲ್ಬೆರಳು ಅಲ್ಲಾಡಿಸಲು ಎಷ್ಟೋ ಹೊತ್ತು ಧೈರ್ಯವೇ ಬರಲಿಲ್ಲ. ಅಲ್ಲಾಡದಿದ್ದರೆ ಎಂಬ ಹೆದರಿಕೆ. ಅಲ್ಲಾಡಿದವು. ಏಳಲು ಹೋದರೆ ಕಣ್ಣು ಕತ್ತಲೆ ಬಂತು. ಫೋನನ್ನು ಮನೆಯಲ್ಲಿ ಚಾರ್ಜಿಗೆ ಹಾಕಿ ಬಂದಿದ್ದೆ. ಮೊಣಕೈ ಊರಿಕೊಂಡು, ತೆವಳಿ, ರಸ್ತೆಯ ಅಂಚಿಗೆ ತಲೆ ಹಾಕಿ ಮಲಗಿದೆ. ಹೊಳೆಯ ಕಡೆಯಿಂದ ಗದಗಿಗೆ ಹೋಗುವ ಬಸ್ಸಿನ ಸದ್ದು ಕೇಳಿದಾಗ ಕೈ ಎತ್ತಿದೆ.

ಡ್ರೈವರ್ ಹಾರಿ ಕೆಳಗಿಳಿದ. ಅವನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಗೇರು ಹಾಕುವಾಗ ನನ್ನಿಂದ ಬೈಗಳು ತಿಂದವನು. ಕಂಡಕ್ಟರನೂ ಬಂದ. ಏನಾಗಿಲ್ಲ ಕಾಕಾ, ಏಳ್ರಿ ಎನ್ನುತ್ತ ಇಬ್ಬರೂ ಕಂಕುಳಿಗೆ ಕೈ ಹಾಕಿ ಜಗ್ಗಲು ಶುರುಮಾಡಿದರು. ಬ್ಯಾಡ ಬ್ಯಾಡ ಅಂದರೂ ಬಿಡಲಿಲ್ಲ. ಇನ್ನೊಂದು ಎಳೆತಕ್ಕೆ ಏನಾಗುತ್ತದೋ ಎಂಬ ಭಯದಲ್ಲಿ ನನ್ನ ಬಾಯಿಂದ ಅದು ಹೊರಬಿತ್ತು.

"ಬಿಡಲೇ! ನನಗ ಕ್ಯಾನ್ಸರ್ ಐತಿ. ಪ್ರಾಸ್ಟೇಟಿಂದು, ಮೂತ್ರದ ಜಾಗಾದ್ದು. ಎಲುಬಿಗೆ ಹೋಗೈತಿ. ಹಂಗ ಜಗ್ಗಿದ್ರ ಮುರೀತೈತಿ."

ಇಬ್ಬರ ಕೈಗಳೂ ಅಲ್ಲಲ್ಲೇ ನಿಂತವು. ಕಿಟಕಿಗಳ ತುಂಬ ಮುಖಗಳಿದ್ದವು. ನಾನು ಆ ನಗೆಗಾಗಿ ಕಾದೆ. ಯಾರೂ ನಗಲಿಲ್ಲ. ರುಮಾಲು ಸುತ್ತಿದ ಒಬ್ಬ ಹಿರಿಯ ಬಸ್ಸಿನಿಂದ ಇಳಿದು, ಹೆಗಲ ಮೇಲಿನ ಕಂಬಳಿಯನ್ನು ನನ್ನ ಪಕ್ಕಕ್ಕೆ ಹಾಸಿದ. ನಾಲ್ಕೈದು ಜನ ಸೇರಿ ನನ್ನನ್ನು ಮೆಲ್ಲಗೆ ಅದರ ಮೇಲೆ ಸರಿಸಿ, ಹಿಂದಿನ ಉದ್ದ ಸೀಟು ಖಾಲಿ ಮಾಡಿಸಿ ಮಲಗಿಸಿದರು. ಡ್ರೈವರ್ ತಗ್ಗು ತಪ್ಪಿಸಿ ತಪ್ಪಿಸಿ ಓಡಿಸಿದ. ಅಷ್ಟು ಜೋಪಾನವಾಗಿ ನಾನೂ ಎಂದೂ ಬಸ್ಸು ಓಡಿಸಿರಲಿಲ್ಲ.

ಗದಗಿನಲ್ಲಿ ಎಕ್ಸ್‌ರೇ ತೆಗೆದರು. ಎಲುಬು ಮುರಿದಿರಲಿಲ್ಲ, ಮಾಂಸಕ್ಕೆ ಪೆಟ್ಟಾಗಿತ್ತು. ಅದನ್ನು ಕೇಳಿ ಎಲ್ಲರೆದುರೇ ಅತ್ತುಬಿಟ್ಟೆ. ಹುಬ್ಬಳ್ಳಿಯ ವೈದ್ಯರು ಕೆಲವು ವಾರ ವಿಶ್ರಾಂತಿ ಹೇಳಿ, ಆಮೇಲೆ ಮತ್ತೆ ಪರೀಕ್ಷಿಸಿ, ನಡೆಯಿರಿ, ಆದರೆ ಒಬ್ಬರೇ ಬೇಡ ಎಂದರು. ಈಗ ಹೆಂಡತಿಯನ್ನು ಬೇಡ ಅನ್ನಲು ನನ್ನ ಹತ್ತಿರ ಯಾವ ನೆಪವೂ ಉಳಿದಿರಲಿಲ್ಲ.

ಜೋಡಿಯಾಗಿ ಹೊರಟ ಮೊದಲ ದಿನ ಎದುರಿನಿಂದ ಬಸ್ಸು ಬಂತು. ವೇಗ ಕಡಿಮೆ ಮಾಡಿ, ಚಿಕ್ಕದಾಗಿ ಹಾರ್ನ್ ಹೊಡೆದು, ನಿಲ್ಲದೆ ಹೋಯಿತು. ಡಿಪೋಕ್ಕೆಲ್ಲ ಖಬರ ಮುಟ್ಟಿದೆ ಎಂದು ತಿಳಿಯಿತು. ನಿಲ್ಲದಿರಲೆಂದು ಮನಸ್ಸಿನಲ್ಲೇ ಬೇಡಿಕೊಂಡವನೇ ನಾನು. ಆದರೂ ಹತ್ರಿ ಕಾಕಾ ಅನ್ನದೆ ಹೋದದ್ದು ಮನಸ್ಸಿಗೆ ಚುಚ್ಚಿತು. ಹೆಂಡತಿಗೆ ಹೇಳಿದರೆ, ನಿಂತರೂ ಸಿಟ್ಟು, ನಿಲ್ಲದಿದ್ದರೂ ಸಿಟ್ಟು ಎಂದು ನಕ್ಕಳು.

ಕೆಲವು ದಿನಗಳ ಮೇಲೆ ಒಂದು ಬಸ್ಸು ನಮ್ಮನ್ನು ದಾಟಿ ಮುಂದೆ ಹೋಗಿ ನಿಂತಿತು. ಇವನಿಗೊಬ್ಬನಿಗೆ ಸುದ್ದಿ ಮುಟ್ಟಿಲ್ಲವೇನೋ ಎಂದು ಗೊಣಗಿದೆ. ಆದರೆ ಅದು ನನಗಾಗಿ ನಿಂತಿರಲಿಲ್ಲ. ರುಮಾಲಿನ ಆ ಹಿರಿಯ ಇಳಿದು, ನಾವು ಹತ್ತಿರ ಬರುವವರೆಗೆ ರಸ್ತೆಯ ಬದಿಗೆ ನಿಂತ. ಕಂಬಳಿ ಹಾಸಿದವನು ಇವನೇ ಎಂದೆ. ಅದಕ್ಕಾಗಿ ಬಂದಿದ್ದಾನೆಂದು ತಿಳಿದು, ಅದನ್ನು ಒಗೆದು ಇಟ್ಟಿದ್ದೇವೆ, ಮನೆಗೆ ಬನ್ನಿ ಎಂದಳು ಹೆಂಡತಿ.

"ಕಂಬಳಿ ಇರ್ಲಿ ಬಿಡವ್ವ," ಎಂದು ಅವನು ನನ್ನ ಕಡೆ ನೋಡಿದ. ಹೆಂಡತಿ ತಾನಾಗಿಯೇ ನಾಲ್ಕು ಹೆಜ್ಜೆ ಹಿಂದೆ ಉಳಿದಳು. ಅವನು ದನಿ ತಗ್ಗಿಸಿದ.

"ನನಗೂ ಅದ ಐತ್ರಿ."

ಮನೆಯಲ್ಲಿ ಏನಂತಾರೆ ಎಂದು ಕೇಳಿದೆ.

"ಮನ್ಯಾಗ ಹೇಳಿಲ್ಲ. ನಿಮಗ ಮೊದಲು ಹೇಳಾಕತ್ತೀನಿ."

ಜೋರಾಗಿ ನಡೆಯುವ ಮೊದಲು ಎಲುಬು ಹೇಗಿವೆಯೆಂದು ವೈದ್ಯರನ್ನು ಕೇಳಬೇಕು, ಇವತ್ತು ಆ ಮೋರಿಯವರೆಗೆ ಸಾವಕಾಶ ಹೋಗೋಣ ಎಂದೆ. ಅವನು ಕೂಸಿನ ಹಾಗೆ ತಲೆಯಾಡಿಸಿ ನನ್ನ ಪಕ್ಕಕ್ಕೆ ಬಂದ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದೆ ಎಂಜಿನ್ ಸದ್ದು ಕೇಳಿತು. ಬಸ್ಸಿನಲ್ಲಿ ತನ್ನ ಊರಿನವರು ಇರಬಹುದೆಂದು ಅವನು ಗಾಬರಿಯಾಗಿ ರಸ್ತೆಯಿಂದ ಕೆಳಗಿಳಿಯಲು ಹೋದ. ನಾನು ಅವನ ತೋಳು ಹಿಡಿದು ಮೇಲೆಯೇ ನಿಲ್ಲಿಸಿಕೊಂಡೆ.