ಎಡಗಾಲಿನ ಒಪ್ಪಿಗೆ

ಎಚ್ಚರವಾದಾಗ ನನ್ನ ಎರಡು ಕಾಲುಗಳೂ ಒಂದಕ್ಕೊಂದು ಸೇರಿಕೊಂಡಿದ್ದವು. ಬಲಗಾಲಿನ ಗಾಯಕ್ಕೆ ತೊಡೆಯಿಂದ ಒಂದು ಚೂರು ಚರ್ಮ ತೆಗೆದು ಹಚ್ಚುತ್ತಾರೆ ಎಂದಷ್ಟೇ ನನಗೆ ಗೊತ್ತಿದ್ದದ್ದು. ಮೇಳಿಗೆಯಿಂದ ತೀರ್ಥಹಳ್ಳಿಗೆ ಬರುವಾಗ ಸ್ಕೂಟರ್ ಜಾರಿ, ಬಸ್ಸಿನ ಚಕ್ರ ಪಾದದ ಗಂಟಿನ ಮೇಲಿನ ಮಾಂಸವನ್ನು ಮೂಳೆ ಕಾಣುವಷ್ಟು ಕಿತ್ತುಹಾಕಿತ್ತು. ಈಗ ಎಡಗಾಲಿನ ಮೀನಖಂಡದ ಚರ್ಮವನ್ನು ಅದರಡಿಯ ಪದರದ ಸಮೇತ ಬಿಡಿಸಿ, ಒಂದು ಅಂಚು ಅಲ್ಲೇ ಉಳಿಯುವಂತೆ ಬಲಗಾಲಿಗೆ ಹೊಲಿದಿದ್ದರು. ಹೊಸ ಜಾಗದಲ್ಲಿ ಅದಕ್ಕೆ ರಕ್ತ ಹರಿಯುವ ತನಕ, ಮೂರು ವಾರ, ಕಾಲುಗಳನ್ನು ಹೀಗೇ ಬಿಗಿದಿಡಬೇಕು. ಆಮೇಲೆ ಕತ್ತರಿಸಿ ಬೇರೆ ಮಾಡಲು ಇನ್ನೊಂದು ಆಪರೇಷನ್.

ಸಾಗರದಿಂದ ನೋಡಲು ಬಂದ ನಾದಿನಿ ಹೊದಿಕೆ ಎತ್ತಿ, “ಅಯ್ಯ ಅತ್ತಿಗೇ, ಇನ್ನು ನೀ ನಮ್ಮಣ್ಣನ್ನ ಬಿಟ್ಟು ಓಡಿ ಹೋಗಂಗಿಲ್ಲ ಬಿಡು” ಎಂದು ನಕ್ಕಳು. ನಾನೂ ನಕ್ಕೆ ಎಂದು ನಾನು ದಿನಾ ಬರೆಯುವ ಡೈರಿಯಲ್ಲಿದೆ. ನೆನಪಿನಲ್ಲಿ ಮಾತ್ರ ಆಗ ನಾನು ಅಳುತ್ತಿದ್ದೇನೆ. ಯಾವುದು ನಿಜವೋ.

ಎಡಗಾಲಿಗೆ ಏನೂ ಆಗಿರಲಿಲ್ಲ. ಅದನ್ನು ಮುಟ್ಟುವ ಮೊದಲು ಯಾರಾದರೂ ನನ್ನನ್ನು ಕೇಳಿದ್ದರೇ? ಗಂಡ “ನೀನೇ ಒಪ್ಪಿದ್ದೆ” ಎನ್ನುತ್ತಿದ್ದರು. ನೋವಿನ ಇಂಜೆಕ್ಷನ್ನಿನ ಮಂಪರಿನಲ್ಲಿದ್ದ ಆ ದಿನದ ಡೈರಿಯ ಪುಟ ಖಾಲಿ. ಹೊಸನಗರದ ನೆಂಟರೆಲ್ಲ ಫೋನಿನಲ್ಲಿ ‘ಗಂಡ ಕಾಲು ಉಳಿಸಿಕೊಟ್ಟ’ ಎಂದು ಹೊಗಳುವಾಗ ನಾನೂ ಹೂಂಗುಟ್ಟಿದೆ. ನನ್ನ ನೆನಪಿಗಿಂತ ಅವರ ಮಾತೇ ಗಟ್ಟಿ ಅಂದುಕೊಂಡೆ.

ಎರಡನೆಯ ಆಪರೇಷನ್ನಿನ ಹಿಂದಿನ ದಿನ ನರ್ಸ್ ಫೈಲ್ ತಂದು ಹಾಸಿಗೆಯ ಮೇಲಿಟ್ಟಳು. ಹೊಸ ಒಪ್ಪಿಗೆ ಪತ್ರದ ಕೆಳಗೆ ಹಳೆಯದಿತ್ತು. ‘ಎಡಗಾಲಿನಿಂದ’ ಎಂದು ಸ್ಪಷ್ಟವಾಗಿ ಬರೆದಿದ್ದ ಸಾಲಿನಡಿ, ರೋಗಿಯ ಸಹಿಯ ಜಾಗದಲ್ಲಿ, ನೀಲಿ ಹೆಬ್ಬೆಟ್ಟಿನ ಗುರುತು. ಎಂ.ಎ. ಓದಿದವಳ ಹೆಬ್ಬೆಟ್ಟು.

“ಇದು ಯಾರದ್ದು?” ಎಂದು ಗಂಡನನ್ನು ಕೇಳಿದೆ.

“ನಿಂದೇ ಮಾರಾಯ್ತಿ. ಬಲಗೈಗೆ ಡ್ರಿಪ್ ಹಾಕಿದ್ರಲ್ಲ, ಸಹಿ ಮಾಡಕ್ಕೆ ಆಗ್ತಿರ್ಲಿಲ್ಲ.”

“ಎಂತಕ್ಕೆ ಅಂತ ಹೇಳಿ ಒತ್ತಿಸ್ಕಂಡ್ರಿ?”

ಅವರು ಕಿಟಕಿಯ ಕಡೆ ನೋಡಿದರು. “ರಕ್ತ ಹಾಕಕ್ಕೆ ಅಂದಿದ್ದೆ.”

ನಾನು ಆ ಸಾಲನ್ನು ಮತ್ತೆ ಓದಿದೆ. ಅವರೇ ದನಿ ಏರಿಸಿದರು. “ಒಳ್ಳೆ ಕಾಲೂ ಕುಯ್ತಾರೆ ಅಂದಿದ್ರೆ ನೀ ಒಪ್ತಿದ್ಯಾ? ಕಾಲೇ ತೆಗಿಬೇಕಾಗ್ತಿತ್ತು. ಉಳೀತಲ್ಲ ಈಗ!”

ಉಳಿಯಿತು, ನಿಜ. ಒಪ್ಪುತ್ತಿದ್ದೆನೇ? ಅತ್ತು, ರಂಪ ಮಾಡಿ, ಸಂಜೆಯ ಹೊತ್ತಿಗೆ ಬಹುಶಃ ಒಪ್ಪುತ್ತಿದ್ದೆ. ಆ ಸಂಜೆಯನ್ನು ಅವರು ನನಗೆ ಕೊಡಲಿಲ್ಲ. ಅದನ್ನಾದರೂ ಅವರ ಹೆದರಿಕೆ ಎಂದು ಕ್ಷಮಿಸಬಹುದಿತ್ತೇನೋ. ಆದರೆ ‘ನೀನೇ ಒಪ್ಪಿದ್ದೆ’ ಎಂದು ಮೂರು ವಾರ ಹೇಳಿದ್ದು? ನನ್ನ ನೆನಪಿನ ಬಗ್ಗೆ ನನಗಿರುವ ಅನುಮಾನ ಅವರಿಗಿಂತ ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ವೈದ್ಯರು ಬಂದು, ಎಂದಿನಂತೆ ಗಂಡನ ಕಡೆ ತಿರುಗಿ ವಿವರಿಸತೊಡಗಿದರು.

“ನಂಗೆ ಹೇಳಿ ಡಾಕ್ಟ್ರೇ” ಎಂದೆ. ಗಂಡನಿಗೆ, “ನೀವು ಸ್ವಲ್ಪ ಹೊರಗಿರಿ.”

“ನಾನು ಕೇಳ್ಬಾರ್ದಾ?”

“ಬೇಡ.”

ಎಲ್ಲಿ ಕತ್ತರಿಸುತ್ತಾರೆ, ಹೊಲಿದ ಚರ್ಮದ ಪಟ್ಟಿ ಸತ್ತರೆ ಮುಂದೇನು ಎಂದು ವೈದ್ಯರು ಹಾಳೆಯ ಮೇಲೆ ಬರೆದು ತೋರಿಸಿದರು. ಅರ್ಥವಾಗದ ಕಡೆ ಎರಡು ಸಲ ಕೇಳಿ, ಪ್ರತಿ ಸಾಲನ್ನೂ ಓದಿ ಸಹಿ ಹಾಕಿದೆ. ಗಂಡನನ್ನು ಒಳಗೆ ಕರೆಯಲೇ ಎಂದು ನರ್ಸ್ ಕೇಳಿದಳು. ಈಗಲೇ ಬೇಡ ಎಂದೆ.